ಟರ್ಬೋ ಹೋಸಿನಲ್ಲಿ ಆಯಿಲ್: ತಪ್ಪು ಟರ್ಬೋದ್ದೇನಾ?

ಡೀಸೆಲ್ ಕಾರಿನ ಬೇರೆ ಯಾವುದೋ ಕೆಲಸಕ್ಕೆ ಬಾನೆಟ್ ತೆಗೆದಿರುತ್ತಾರೆ. ಟರ್ಬೋ ಒತ್ತಿ ಕಳಿಸುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್ ಬಿಚ್ಚಬೇಕಾಗುತ್ತದೆ. ಬಿಚ್ಚಿದರೆ ಒಳಗೆಲ್ಲ ಕಪ್ಪು ಆಯಿಲ್. "ಟರ್ಬೋ ಹೋಗಿದೆ ಸಾರ್" ಅನ್ನುವ ಮಾತು ಅಲ್ಲೇ ಬಂದುಬಿಡುತ್ತದೆ. ಮಾಲೀಕರು ಹತ್ತಾರು ಸಾವಿರ ಕೊಟ್ಟು ಟರ್ಬೋ ಬದಲಿಸುತ್ತಾರೆ. ಕೆಲವು ತಿಂಗಳು ಬಿಟ್ಟು ನೋಡಿದರೆ ಅದೇ ಹೋಸ್, ಅದೇ ಆಯಿಲ್.

ಟರ್ಬೋ ಗಾಡಿಯ ಗಾಳಿ ಪೈಪುಗಳಲ್ಲಿ ಸ್ವಲ್ಪ ಜಿಡ್ಡು ಇರುವುದು ಮಾಮೂಲಿ. ಬೆರಳು ಆಡಿಸಿದರೆ ಅಂಟುವಷ್ಟು ಪಸೆ, ಹೋಸಿನ ತಗ್ಗಿನಲ್ಲಿ ನಾಲ್ಕಾರು ಹನಿ, ಇಷ್ಟಕ್ಕೆ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಹೋಸ್ ಬಗ್ಗಿಸಿದಾಗ ಆಯಿಲ್ ಧಾರೆಯಾಗಿ ಸುರಿದರೆ, ಇಂಟರ್‌ಕೂಲರ್ ಅಡಿಯಲ್ಲಿ ಲೋಟಗಟ್ಟಲೆ ನಿಂತಿದ್ದರೆ, ಆಯಿಲ್ ಅಳೆಯುವ ಕಡ್ಡಿಯಲ್ಲಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿ, ಮಟ್ಟ ಬೇಗ ಬೇಗ ಇಳಿಯುತ್ತಿದ್ದರೆ ಆಗ ಹುಡುಕಬೇಕು. ಹುಡುಕಬೇಕಾದ್ದು ಆಯಿಲ್ ಎಲ್ಲಿ ನಿಂತಿದೆ ಅಂತಲ್ಲ, ಒದ್ದೆ ಎಲ್ಲಿಂದ ಶುರುವಾಗಿದೆ ಅಂತ. ಹೆಂಚಿನ ಮನೆ ಸೋರುವಾಗ ನೀರು ಬೀಳುವ ಜಾಗ ಒಂದು, ಒಡೆದ ಹೆಂಚು ಇರುವ ಜಾಗ ಇನ್ನೊಂದು, ಅಲ್ವಾ? ಇಲ್ಲೂ ಹಾಗೆಯೇ.

ಗಾಳಿ ಓಡಾಡುವ ದಾರಿ

ನಮ್ಮ ರಸ್ತೆಗಳಲ್ಲಿ ಜಾಸ್ತಿ ಓಡಿರುವ ಒಂದು ಇಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡೋಣ. ಫಿಯಟ್‌ನ 1.3 ಮಲ್ಟಿಜೆಟ್, 1,248 ಸಿಸಿ. ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ, ಪುಂಟೊ ಎಲ್ಲದರಲ್ಲೂ ಇದೇ ಕೂತಿತ್ತು. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾರುವುದನ್ನೇ ನಿಲ್ಲಿಸಿತು. ಆದರೂ ಹಳೆಯವು ಇನ್ನೂ ದಂಡಿಯಾಗಿ ಓಡುತ್ತಿವೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಗಾಡಿಗಳು ಅವು. ಹೋಸಿನಲ್ಲಿ ಆಯಿಲ್ ಕಾಣುವ ವಯಸ್ಸು ಅವಕ್ಕೆ ಬಂದಿದೆ.

ಏರ್ ಫಿಲ್ಟರ್ ದಾಟಿದ ಗಾಳಿ ಒಂದು ಪೈಪಿನಲ್ಲಿ ಟರ್ಬೋದ ಬಾಯಿಗೆ ಬರುತ್ತದೆ. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯ ರಭಸ ಟರ್ಬೋದ ಶಾಫ್ಟನ್ನು ತಿರುಗಿಸುತ್ತದೆ, ಅದರ ಈ ತುದಿಯ ಚಕ್ರ ಗಾಳಿಯನ್ನು ಒತ್ತಿ ಮುಂದಕ್ಕೆ ತಳ್ಳುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಜೋರಾಗಿ ಓಡಿಸುವಾಗ 100 ಡಿಗ್ರಿ ಸೆಲ್ಸಿಯಸ್ ದಾಟುವುದು ದೊಡ್ಡ ಮಾತಲ್ಲ. ಇಂಟರ್‌ಕೂಲರ್ ಇರುವ ಗಾಡಿಗಳಲ್ಲಿ ಅದು ಅಲ್ಲಿ ತಣ್ಣಗಾಗಿ, ಇನ್ನೊಂದು ಹೋಸ್ ಹಿಡಿದು, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡ್ ಸೇರುತ್ತದೆ. ಗಾಳಿಯಲ್ಲಿ ಆಯಿಲ್ ಮಂಜಿನಂತೆ ಬೆರೆತಿದ್ದರೆ, ತಣ್ಣಗಾಗುವ ಮತ್ತು ವೇಗ ಕಳೆದುಕೊಳ್ಳುವ ಜಾಗದಲ್ಲಿ ಅದು ಹನಿಯಾಗಿ ಕೂರುತ್ತದೆ. ಆ ಜಾಗ ಇಂಟರ್‌ಕೂಲರ್. ಸಾಲದ್ದಕ್ಕೆ, ಬಹಳ ಗಾಡಿಗಳಲ್ಲಿ ಇಡೀ ದಾರಿಯ ತಗ್ಗು ಜಾಗವೂ ಅದೇ. ಎಲ್ಲಿಂದ ಬಂದ ಆಯಿಲ್ ಆದರೂ ಅಲ್ಲಿಗೇ ಹೋಗಿ ಸೇರುತ್ತದೆ. ಹಾಗಾಗಿ ಇಂಟರ್‌ಕೂಲರಿನಲ್ಲಿ ಆಯಿಲ್ ಇದೆ ಅನ್ನುವುದು ಯಾರನ್ನೂ ಹಿಡಿದುಕೊಡುವ ಸಾಕ್ಷಿಯಲ್ಲ.

ಈ ದಾರಿಗೆ ಆಯಿಲ್ ನುಗ್ಗುವ ಮುಖ್ಯ ಬಾಗಿಲು ಎರಡು. ಒಂದು ಬ್ರೀದರ್ ಪೈಪ್. ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿದ್ದರೂ ಉರಿದ ಗ್ಯಾಸ್ ಒಂಚೂರು ಪಕ್ಕದಿಂದ ನುಸುಳಿ ಕೆಳಗೆ, ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. ಆ ಗ್ಯಾಸ್ ಒಳಗೇ ಉಳಿದರೆ ಒತ್ತಡ ಏರಿ ಆಯಿಲ್ ಸೀಲುಗಳು ಕಿತ್ತುಕೊಳ್ಳುತ್ತವೆ. ಹೊರಗೆ ಬಿಟ್ಟರೆ ಮಾಲಿನ್ಯ. ಅದಕ್ಕೇ ಬ್ರೀದರ್ ಪೈಪಿನ ಮೂಲಕ ಅದನ್ನು ಮತ್ತೆ ಟರ್ಬೋದ ಬಾಯಿಗೇ ಕೊಡುತ್ತಾರೆ, ಇಂಜಿನ್ ಅದನ್ನು ಉರಿಸಿಬಿಡಲಿ ಅಂತ. ಹೊರಡುವ ಮೊದಲು ಆಯಿಲ್ ಬೇರ್ಪಡಿಸುವ ಒಂದು ಸೆಪರೇಟರ್ ಇರುತ್ತದೆ. ಅದು ಪೂರ್ತಿ ಬೇರ್ಪಡಿಸುವುದಿಲ್ಲ. ಹೋಸಿನಲ್ಲಿ ಕಾಣುವ ಮಾಮೂಲಿ ಪಸೆಯ ಬಹುಪಾಲು ಹೀಗೆ ಬಂದದ್ದು.

ಎರಡನೆಯ ಬಾಗಿಲು ಟರ್ಬೋದ ಸೀಲ್. ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. ಸೀಲ್ ಅಂದರೆ ರಬ್ಬರಿನದು, ಹರಿದುಹೋಗುತ್ತದೆ, ಹೊಸದು ಹಾಕಿದರೆ ಸರಿಹೋಗುತ್ತದೆ ಅಂತ. ಟರ್ಬೋದ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುತ್ತದೆ. ಸಣ್ಣ ಕಾರುಗಳ ಟರ್ಬೋಗಳು ಎರಡು ಲಕ್ಷವನ್ನೂ ಮುಟ್ಟುತ್ತವೆ. ಆ ವೇಗಕ್ಕೆ ರಬ್ಬರ್ ತಡೆಯುವುದಿಲ್ಲ. ಅಲ್ಲಿರುವುದು ಪಿಸ್ಟನ್ ರಿಂಗಿನಂಥ ಒಂದು ಪುಟ್ಟ ಲೋಹದ ರಿಂಗ್. ಅದು ನೀರು ಬಿಡದ ಬಿರಡೆಯ ಥರ ಮುಚ್ಚಿಕೊಂಡಿರುವುದಿಲ್ಲ. ಮುಕ್ಕಾಲು ಕೆಲಸ ಮಾಡುವುದು ಗಾಳಿಯ ಒತ್ತಡ. ಚಕ್ರದ ಹಿಂದಿನ ಗಾಳಿ ಆಯಿಲನ್ನು ಒಳಕ್ಕೆ ತಳ್ಳಿ ಹಿಡಿದಿರುತ್ತದೆ. ಬೇರಿಂಗಿಗೆ ಬಂದ ಆಯಿಲ್ ಕೆಲಸ ಮುಗಿಸಿ, ಕೆಳಗಿನ ದಪ್ಪ ಪೈಪಿನಲ್ಲಿ ತನ್ನ ಭಾರಕ್ಕೇ ಇಳಿದು ಇಂಜಿನ್ನಿನ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್, ಸೇರುತ್ತದೆ. ಈ ಒತ್ತಡದ ಲೆಕ್ಕ ತಪ್ಪಿದರೆ, ಅಥವಾ ಆಯಿಲ್ ಇಳಿಯುವುದು ತಡವಾದರೆ, ಟರ್ಬೋ ಹೊಚ್ಚ ಹೊಸದಾಗಿದ್ದರೂ ಆಯಿಲ್ ಉಗುಳುತ್ತದೆ. ಬದಲಿಸಿದ ಟರ್ಬೋ ಮತ್ತೆ ಒದ್ದೆಯಾಗುವ ಗುಟ್ಟು ಇಲ್ಲಿದೆ.

ಸ್ಪ್ಯಾನರ್ ಹಿಡಿಯುವ ಮೊದಲು

ಮೊದಲು ಡಿಪ್‌ಸ್ಟಿಕ್. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ನೋಡಿ. ಮಟ್ಟ ಮೇಲಿನ ಗೆರೆಗಿಂತ ಜಾಸ್ತಿ ಇದ್ದರೆ ತನಿಖೆ ಅಲ್ಲೇ ಅರ್ಧ ಮುಗಿದಂತೆ. ಕ್ಯಾನ್ ತೆರೆದಾಯಿತು, ಉಳಿಸಿ ಏನು ಮಾಡುವುದು ಅಂತ ಪೂರ್ತಿ ಸುರಿಯುವ ಅಭ್ಯಾಸ ನಮ್ಮಲ್ಲಿ ಬಹಳ. ಜಾಸ್ತಿಯಾದ ಆಯಿಲನ್ನು ಕ್ರ್ಯಾಂಕ್‌ಶಾಫ್ಟ್ ಕಡೆದು ನೊರೆ ಮಾಡುತ್ತದೆ. ಆ ಮಂಜೆಲ್ಲ ಬ್ರೀದರ್ ಹಿಡಿದು ಹೋಸಿಗೆ ಬರುತ್ತದೆ. ಮಟ್ಟ ಸರಿಮಾಡಿ ನೋಡುವುದಕ್ಕೆ ಖರ್ಚೇ ಇಲ್ಲ.

ಯಾರೂ ಆಯಿಲ್ ಹಾಕದೆಯೇ ಮಟ್ಟ ಏರುತ್ತಿದ್ದರೆ ಅದು ಬೇರೆ ಕಥೆ. ಬಿಎಸ್6 ಡೀಸೆಲ್ ಗಾಡಿಗಳ ಸೈಲೆನ್ಸರ್ ಪೈಪಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ತುಂಬಿದ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕಾಗಿ ಇಂಜಿನ್ ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಮನೆಯಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್ ಓಡಿಸಿ ಆಫ್ ಮಾಡುವ ಗಾಡಿಯಲ್ಲಿ ಈ ಸುಡುವ ಕೆಲಸ ಪದೇ ಪದೇ ಅರ್ಧಕ್ಕೇ ನಿಲ್ಲುತ್ತದೆ. ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯ ಮೇಲಿಂದ ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಡೀಸೆಲ್ ವಾಸನೆ ಬರುತ್ತದೆ. ತೆಳ್ಳಗಾದ ಆಯಿಲ್ ಬೇಗ ಮಂಜಾಗುತ್ತದೆ, ಬೇರಿಂಗನ್ನೂ ಸರಿಯಾಗಿ ಕಾಪಾಡುವುದಿಲ್ಲ. ಇಂಥ ಗಾಡಿಗೆ ಬೇಕಾದ್ದು ಆಯಿಲ್ ಚೇಂಜ್ ಮತ್ತು ಹೈವೇಯಲ್ಲಿ ಒಂದು ಒಳ್ಳೆಯ ಓಟ. ಟರ್ಬೋ ಅಲ್ಲ.

ಆಮೇಲೆ ಏರ್ ಫಿಲ್ಟರ್. ಧೂಳು ಕಟ್ಟಿದ ಫಿಲ್ಟರ್ ಇದ್ದರೆ ಟರ್ಬೋ ಗಾಳಿಗಾಗಿ ಜೋರಾಗಿ ಎಳೆಯುತ್ತದೆ. ಆ ಎಳೆತಕ್ಕೆ ಬ್ರೀದರಿನಿಂದಲೂ ಆಯಿಲ್ ಬರುತ್ತದೆ, ಸೀಲಿನ ಹಿಂದಿನ ಆಯಿಲೂ ಬರುತ್ತದೆ. ಮಣ್ಣು ರಸ್ತೆಯಲ್ಲಿ ಓಡುವ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರ್ ಕಾಯಬೇಡಿ. ಐಡಲ್‌ನಲ್ಲಿ ಗಂಟೆಗಟ್ಟಲೆ ನಿಲ್ಲುವುದೂ ಇದಕ್ಕೆ ಸೇರುತ್ತದೆ. ಇಂಜಿನ್ ಸುಮ್ನೆ ಗುರ್ ಅನ್ನುತ್ತಾ ನಿಂತಾಗ ಟರ್ಬೋ ಒತ್ತಡವನ್ನೇ ಕಟ್ಟುವುದಿಲ್ಲ, ಆಯಿಲ್ ತಡೆಯುವ ಗಾಳಿಯೂ ಇರುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನವೂ ಎಸಿ ಹಾಕಿಕೊಂಡು ನಿಲ್ಲುವ ಗಾಡಿಯ ಹೋಸ್ ಸ್ವಲ್ಪ ಜಾಸ್ತಿ ಒದ್ದೆ ಇದ್ದರೆ ಆಶ್ಚರ್ಯವಿಲ್ಲ.

ಹೋಸ್ ಬಿಚ್ಚಿ ನೋಡುವುದು

ಇಂಜಿನ್ ತಣ್ಣಗಿರಲಿ. ಟರ್ಬೋಗೆ ಬರುವ ಪೈಪನ್ನು ಮೊದಲು ಬಿಚ್ಚಿ. ಏರ್ ಫಿಲ್ಟರ್ ಕಡೆಯಿಂದ ಬೆರಳು ಆಡಿಸುತ್ತಾ ಬನ್ನಿ. ಬ್ರೀದರ್ ಬಂದು ಸೇರುವ ಜಾಗದ ಹಿಂದೆ ಒಣಗಿದ್ದು, ಅಲ್ಲಿಂದ ಮುಂದೆ ಒದ್ದೆ ಇದ್ದರೆ ಆಯಿಲ್ ಬ್ರೀದರಿನಿಂದ ಬರುತ್ತಿದೆ. ಟರ್ಬೋದ ಬಾಯಿಯವರೆಗೆ ಎಲ್ಲ ಒಣಗಿದ್ದು, ಟರ್ಬೋ ದಾಟಿದ ಮೇಲಿನ ಹೋಸ್ ಮಾತ್ರ ತೊಯ್ದಿದ್ದರೆ ಆಗ ಟರ್ಬೋದ ಮೇಲೆ ಅನುಮಾನ ಪಡಬಹುದು.

ತೊಡಕು ಎಲ್ಲಿ ಅಂದರೆ, ಬಹಳ ಸಲ ಎರಡೂ ಕಡೆ ಒದ್ದೆ ಇರುತ್ತದೆ. ಬ್ರೀದರಿನ ಆಯಿಲ್ ಟರ್ಬೋ ದಾಟಿ ಮುಂದೆ ಹೋಗಲೇಬೇಕಲ್ಲ. ಆಗ ಟರ್ಬೋವೂ ಸೇರಿಸಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಇದಕ್ಕೊಂದು ಹಳೆಯ ಉಪಾಯವಿದೆ. ಎಲ್ಲ ಹೋಸುಗಳನ್ನೂ ಒರೆಸಿ ಸ್ವಚ್ಛ ಮಾಡಿ. ಬ್ರೀದರ್ ಪೈಪನ್ನು ಟರ್ಬೋ ಪೈಪಿನಿಂದ ಬಿಡಿಸಿ ಒಂದು ಬಾಟಲಿಗೆ ತಿರುಗಿಸಿ. ಟರ್ಬೋ ಪೈಪಿನಲ್ಲಿ ಉಳಿದ ತೂತನ್ನು ಭದ್ರವಾಗಿ ಮುಚ್ಚಿ, ಇಲ್ಲವಾದರೆ ಧೂಳು ಒಳಗೆ ಹೋಗುತ್ತದೆ. ಬಾಟಲಿಯ ಬಾಯಿ ಮಾತ್ರ ಗಾಳಿಯಾಡುವಂತೆ ಇರಲಿ. ಬ್ರೀದರನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಕೆಲವು ದಿನ ಹೀಗೆ ಓಡಿಸಿ ಮತ್ತೆ ಬಿಚ್ಚಿ ನೋಡಿ. ಹೋಸ್ ಒಣಗಿದ್ದು ಬಾಟಲಿಯಲ್ಲಿ ಆಯಿಲ್ ಇದ್ದರೆ ಟರ್ಬೋ ನಿರಪರಾಧಿ. ಬಾಟಲಿ ಹೆಚ್ಚುಕಡಿಮೆ ಖಾಲಿ, ಹೋಸ್ ಮತ್ತೆ ತೊಯ್ದಿದೆ ಅಂದರೆ ಸಂಶಯ ಟರ್ಬೋದ ಕಡೆ. ಇದು ಪರೀಕ್ಷೆಗಷ್ಟೇ. ಆಮೇಲೆ ಪೈಪನ್ನು ಇದ್ದಲ್ಲಿಗೇ ಜೋಡಿಸಬೇಕು.

ಆಯಿಲಿನ ಬಣ್ಣ ನೋಡಿ ತೀರ್ಪು ಕೊಡುವವರ ಮಾತು ಅಷ್ಟಾಗಿ ನಂಬಬೇಡಿ. ಡೀಸೆಲ್ ಇಂಜಿನ್ನಿನ ಆಯಿಲ್ ಹೇಗೂ ಕಪ್ಪೇ. ಮ್ಯಾನಿಫೋಲ್ಡ್ ಹತ್ತಿರ ಇಜಿಆರ್ (ಉರಿದ ಹೊಗೆಯನ್ನು ಒಂಚೂರು ಮರಳಿ ಇಂಜಿನ್ನಿಗೆ ಕೊಡುವ ದಾರಿ) ಸೇರುವ ಜಾಗದಲ್ಲಿ ಸೈಲೆನ್ಸರ್ ಕಡೆಯ ಮಸಿ, ಈ ಆಯಿಲ್ ಎರಡೂ ಬೆರೆತು ಡಾಂಬರಿನಂಥ ದಪ್ಪ ಪದರವಾಗುತ್ತದೆ. ಅದನ್ನು ತೋರಿಸಿ ಟರ್ಬೋ ಕೆಟ್ಟಿದೆ ಅಂದರೆ ಒಪ್ಪಬೇಡಿ. ಇನ್ನು ಮಡಿಕೇರಿ, ಆಗುಂಬೆ ಕಡೆ ಮಳೆಗಾಲದಲ್ಲಿ ಸಣ್ಣ ಸಣ್ಣ ಓಡಾಟ ಮಾಡುವ ಗಾಡಿಗಳ ಬ್ರೀದರಿನಲ್ಲಿ, ಆಯಿಲ್ ಮುಚ್ಚಳದ ಒಳಗೆ ಹಳದಿ ಕೆನೆಯಂಥದ್ದು ಕಾಣಿಸುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗದೆ ತೇವ ಆಯಿಲಿಗೆ ಬೆರೆತದ್ದು ಅದು. ಕೂಲಂಟ್ ಮಟ್ಟ ಇಳಿಯದಿದ್ದರೆ ಹೆಡ್ ಗ್ಯಾಸ್ಕೆಟ್ ಅಂತ ಹೆದರಬೇಕಿಲ್ಲ. ಆದರೆ ಆ ಕೆನೆ ಬ್ರೀದರಿನ ದಾರಿ ಕಟ್ಟಿಹಾಕಬಹುದು. ಒರೆಸಿ ತೆಗೆಯಿರಿ.

ಬ್ರೀದರ್ ಅಂತ ಗೊತ್ತಾದರೆ

ಆಗ ಪ್ರಶ್ನೆ: ಸೆಪರೇಟರ್ ಕಟ್ಟಿದೆಯೋ, ರಿಂಗ್ ಸವೆದಿದೆಯೋ? ಡೀಸೆಲ್ ಗಾಡಿಯಲ್ಲಿ ಒಂದು ಒರಟು ಪರೀಕ್ಷೆ ಎಲ್ಲ ಗ್ಯಾರೇಜಿನವರಿಗೂ ಗೊತ್ತು. ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿಟ್ಟು ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ತೂತಿನ ಮೇಲೆ ಸಡಿಲವಾಗಿ ಇಡುವುದು. ಒಂಚೂರು ಹೊಗೆ, ಸಣ್ಣ ನಡುಕ ಇದ್ದರೆ ಸರಿ. ಮುಚ್ಚಳ ಕುಣಿದು ಎಗರಿ ಬಿದ್ದರೆ, ಹೊಗೆ ಪುಸ್ ಪುಸ್ ಅಂತ ಜೋರಾಗಿ ಬಂದರೆ ಬ್ಯಾಕ್ ಕಂಪ್ರೆಷನ್ ಜಾಸ್ತಿ ಇದೆ. ಕೆಲವು ಇಂಜಿನ್ನುಗಳಲ್ಲಿ ಆಯಿಲ್ ಚಿಮ್ಮುತ್ತದೆ, ಬಟ್ಟೆ ಅಡ್ಡ ಹಿಡಿಯಿರಿ. ಇಷ್ಟಕ್ಕೇ ಇಂಜಿನ್ ಬೋರ್‌ಗೆ, ಅಂದರೆ ಬಿಚ್ಚಿ ಸಿಲಿಂಡರ್ ಕೊರೆಸುವ ಹಂತಕ್ಕೆ, ಬಂದಿದೆ ಅಂತ ತೀರ್ಮಾನ ಮಾಡಬೇಡಿ. ಕಂಪ್ರೆಷನ್ ಟೆಸ್ಟ್, ಸಾಧ್ಯವಾದರೆ ಲೀಕ್‌ಡೌನ್ ಟೆಸ್ಟ್ ಮಾಡಿಸಿ. ಯಾವ ಸಿಲಿಂಡರಿನಲ್ಲಿ ಎಷ್ಟು ಸೋರಿಕೆ ಅಂತ ಅಂಕಿಯಲ್ಲೇ ಸಿಗುತ್ತದೆ.

ಟರ್ಬೋ ಪೆಟ್ರೋಲಿನಲ್ಲಿ, ಅಂದರೆ ನೆಕ್ಸಾನ್, ವೆನ್ಯೂ ಥರದವುಗಳಲ್ಲಿ, ಈ ಮುಚ್ಚಳದ ಪರೀಕ್ಷೆ ಸರಿಬರುವುದಿಲ್ಲ. ಅಲ್ಲಿ ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಗಾಳಿ ಎಳೆಯುತ್ತಿರುತ್ತದೆ, ಮುಚ್ಚಳ ತೆಗೆದರೆ ಇಂಜಿನ್ ತಡವರಿಸುವುದೇ ಸಹಜ. ಪೆಟ್ರೋಲಿನಲ್ಲಿ ನೋಡಬೇಕಾದ್ದು ಪಿಸಿವಿ ವಾಲ್ವ್, ಅಂದರೆ ಕ್ರ್ಯಾಂಕ್‌ಕೇಸಿನ ಗ್ಯಾಸನ್ನು ಮ್ಯಾನಿಫೋಲ್ಡಿಗೆ ಬಿಡುವ ವಾಲ್ವ್. ಬೂಸ್ಟ್, ಅಂದರೆ ಟರ್ಬೋದ ಒತ್ತಡ, ಬಂದಾಗ ಮ್ಯಾನಿಫೋಲ್ಡ್ ಕಡೆಯ ದಾರಿ ಮುಚ್ಚಬೇಕಾದ್ದು ಅದರ ಕೆಲಸ. ಅದು ಸಿಕ್ಕಿಹಾಕಿಕೊಂಡರೆ ಒತ್ತಿದ ಗಾಳಿ ನೇರ ಕ್ರ್ಯಾಂಕ್‌ಕೇಸಿಗೆ ನುಗ್ಗಿ, ಆಯಿಲನ್ನು ಬ್ರೀದರಿನಿಂದ ಹೊರಕ್ಕೆ ದಬ್ಬುತ್ತದೆ. ಸಣ್ಣ ಬಿಡಿಭಾಗ, ಆದರೆ ಲಕ್ಷಣ ಮಾತ್ರ ದೊಡ್ಡ ಕಾಯಿಲೆಯದ್ದು.

ಬ್ರೀದರ್ ಕಟ್ಟಿಕೊಂಡರೆ ಆಗುವುದು ಇನ್ನೂ ವಿಚಿತ್ರ. ಬ್ರೀದರ್ ಪೈಪ್ ಒಣಗಿರುತ್ತದೆ, ಟರ್ಬೋ ಆಯಿಲ್ ಉಗುಳುತ್ತದೆ. ಏಕೆಂದರೆ ಗ್ಯಾಸಿಗೆ ಹೊರಹೋಗಲು ದಾರಿಯಿಲ್ಲದೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರುತ್ತದೆ. ಟರ್ಬೋದಿಂದ ಇಳಿದು ಬರಬೇಕಾದ ಆಯಿಲಿಗೆ ಆ ಒತ್ತಡ ಎದುರಾಗುತ್ತದೆ. ಇಳಿಯಲಾರದ ಆಯಿಲ್ ಸೀಲ್ ದಾಟುತ್ತದೆ. ನೋಡಿದವರೆಲ್ಲ ಟರ್ಬೋ ಅಂತಲೇ ಹೇಳುತ್ತಾರೆ, ಹೇಳುವುದರಲ್ಲಿ ಅವರ ತಪ್ಪೂ ಇಲ್ಲ. ಬ್ರೀದರ್ ಪೈಪ್, ಸೆಪರೇಟರ್ ಎರಡನ್ನೂ ಬಿಚ್ಚಿ ಗಾಳಿ ಊದಿ ನೋಡದೆ ಟರ್ಬೋಗೆ ಕೈ ಹಾಕಬಾರದು ಅನ್ನುವುದು ಇದಕ್ಕೇ.

ಟರ್ಬೋದ ಸರದಿ

ಟರ್ಬೋ ಬಿಚ್ಚುವ ಮೊದಲು ಅದರ ಆಯಿಲ್ ರಿಟರ್ನ್ ಪೈಪ್ ನೋಡಿ. ಒಳಗೆ ಆಯಿಲ್ ಸುಟ್ಟು ಕರಕಲಾಗಿ ದಾರಿ ಕಿರಿದಾಗಿದೆಯಾ? ಎಲ್ಲಾದರೂ ಮಡಚಿಕೊಂಡಿದೆಯಾ? ಹಿಂದೆ ಕೆಲಸ ಮಾಡಿದವರು ಗ್ಯಾಸ್ಕೆಟ್ ಬದಲು ಧಾರಾಳವಾಗಿ ಸಿಲಿಕೋನ್ ಪೇಸ್ಟ್ ಬಳಿದು, ಅದು ಒಳಗೆ ಹಿಂಡಿಕೊಂಡು ತೂತು ಮುಚ್ಚಿದೆಯಾ? ಈ ಕೊನೆಯದ್ದು ಆಗಾಗ ಕಾಣಸಿಗುವ ಕೆಲಸ.

ಆಮೇಲೆ ಶಾಫ್ಟಿನ ಪ್ಲೇ. ಇಂಜಿನ್ ಆಫ್ ಆಗಿ ತಣ್ಣಗಾಗಿರುವಾಗ ಟರ್ಬೋದ ಬಾಯೊಳಗೆ ಬೆರಳಿಟ್ಟು ಚಕ್ರದ ಮಧ್ಯದ ನಟ್ ಹಿಡಿಯಿರಿ. ಅಡ್ಡಕ್ಕೆ ಅಲುಗಿಸಿದರೆ ಒಂಚೂರು ಆಡುತ್ತದೆ. ಇದನ್ನು ನೋಡಿ "ಪ್ಲೇ ಬಂದಿದೆ" ಅನ್ನುವವರು ಬಹಳ. ಈ ಬೇರಿಂಗುಗಳು ಆಯಿಲ್ ಪದರದ ಮೇಲೆ ತೇಲುವಂಥವು, ಇಂಜಿನ್ ನಿಂತಾಗ ಆಯಿಲ್ ಒತ್ತಡ ಇರುವುದಿಲ್ಲ, ಆದ್ದರಿಂದ ಆ ಅಲುಗಾಟ ಸಹಜ. ಆದರೆ ಚಕ್ರದ ರೆಕ್ಕೆ ಗೋಡೆಗೆ ತಾಗಬಾರದು, ತಾಗಿ ಗೀರಿದ ಗುರುತೂ ಇರಬಾರದು. ಇನ್ನು ಶಾಫ್ಟನ್ನು ಒಳಕ್ಕೂ ಹೊರಕ್ಕೂ ಎಳೆದು ತಳ್ಳಿ ನೋಡಿ. ಈ ಕಡೆಯ ಆಟ ಕೈಗೆ ಗೊತ್ತಾಗಲೇಬಾರದು. ಟಕ್ ಟಕ್ ಅಂದರೆ ಬೇರಿಂಗ್ ಮುಗಿದಿದೆ.

ಹೊಗೆಯೂ ಸುಳಿವು ಕೊಡುತ್ತದೆ. ಸಿಗ್ನಲ್ಲಿನಲ್ಲಿ ಸ್ವಲ್ಪ ಹೊತ್ತು ನಿಂತು ರೈಸ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಹೋಸುಗಳೆಲ್ಲ ಒಣಗಿದ್ದೂ ನೀಲಿ ಹೊಗೆ ಬರುತ್ತಿದ್ದರೆ, ಟರ್ಬೋದ ಸೈಲೆನ್ಸರ್ ಕಡೆಯ ಸೀಲ್ ಸೋರುತ್ತಿರಬಹುದು, ವಾಲ್ವ್ ಸೀಲ್ ಆಗಿರಬಹುದು, ರಿಂಗ್ ಆಗಿರಬಹುದು. ಕಪ್ಪು ಹೊಗೆ ಜೊತೆಗೆ ಪಿಕಪ್ ಕಮ್ಮಿಯಾಗಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ. ಕ್ಲಾಂಪ್ ಇರುವ ಜಾಗದಲ್ಲಿ ಹೋಸಿನ ಹೊರಗಡೆ ಆಯಿಲ್ ಮತ್ತು ಧೂಳು ಸೇರಿ ಕಪ್ಪು ಪಟ್ಟಿ ಕಟ್ಟಿದೆಯಾ ನೋಡಿ. ಅಲ್ಲೇ ಸೋರಿಕೆ. ಒಳಗಿನ ಪಸೆ ಮಾಮೂಲಿಯದ್ದೇ, ಕ್ಲಾಂಪ್ ಸಡಿಲ ಅಷ್ಟೇ.

ಒಳಗೆ ನಿಂತ ಆಯಿಲನ್ನು ಬಿಟ್ಟರೆ

ಡೀಸೆಲ್ ಇಂಜಿನ್ನಿಗೆ ಆಯಿಲೂ ಇಂಧನವೇ. ಇಂಟರ್‌ಕೂಲರಿನಲ್ಲಿ ನಿಂತ ಆಯಿಲ್ ಜೋರಾಗಿ ರೈಸ್ ಮಾಡಿದಾಗ ಒಟ್ಟಿಗೆ ಇಂಜಿನ್ನಿಗೆ ಹೋದರೆ, ಇಂಜಿನ್ ಅದನ್ನೇ ಉರಿಸಿಕೊಂಡು ತನ್ನಷ್ಟಕ್ಕೆ ತಾನೇ ರೈಸ್ ಆಗುತ್ತದೆ. ಕೀ ಆಫ್ ಮಾಡಿದರೂ ನಿಲ್ಲದೆ ಇರಬಹುದು, ಏಕೆಂದರೆ ಕೀ ನಿಲ್ಲಿಸುವುದು ಡೀಸೆಲನ್ನು ಮಾತ್ರ. ಅಪರೂಪ, ಆದರೆ ಆದಾಗ ಇಂಜಿನ್ ಒಡೆದುಹೋಗುವುದು ಕ್ಷಣಗಳ ಮಾತು. ಮ್ಯಾನುಯಲ್ ಗೇರ್ ಗಾಡಿಯಾದರೆ ಕ್ಲಚ್ ಒತ್ತಿ ಟಾಪ್ ಗೇರಿಗೆ ಹಾಕಿ, ಬ್ರೇಕ್ ಗಟ್ಟಿಯಾಗಿ ತುಳಿದು, ಕ್ಲಚ್ ಬಿಟ್ಟು ಇಂಜಿನ್ ಬಂದ್ ಬೀಳಿಸಬೇಕು. ಆಟೋಮ್ಯಾಟಿಕ್‌ನಲ್ಲಿ ಇದು ಆಗುವುದಿಲ್ಲ. ಅಲ್ಲಿ ಗಾಳಿಯನ್ನೇ ತಡೆಯಬೇಕು. ಆದರೆ ಕೈಯನ್ನು ಮಾತ್ರ ಗಾಳಿಯ ಬಾಯಿಗೆ ಅಡ್ಡ ಕೊಡಬೇಡಿ. ಅಡ್ಡ ಇಡಲು ಬೇರೆ ಏನೂ ಇಲ್ಲದಿದ್ದರೆ ಗಾಡಿಯಿಂದ ದೂರ ಸರಿಯಿರಿ.

ಅದಕ್ಕೇ ಕಾರಣ ಸರಿಪಡಿಸಿದ ಮೇಲೆ ಇಂಟರ್‌ಕೂಲರ್ ಬಿಚ್ಚಿ ತೊಳೆಯಬೇಕು. ಸೀಮೆಎಣ್ಣೆ ಅಥವಾ ಡಿಗ್ರೀಸರ್ ಹಾಕಿ ಅಲುಗಾಡಿಸಿ, ಬಗ್ಗಿಸಿ, ಮತ್ತೆ ಹಾಕಿ. ಆಮೇಲೆ ಗಾಳಿ ಊದಿ, ಪೂರ್ತಿ ಒಣಗಲು ಬಿಡಿ. ಅವಸರದಲ್ಲಿ ಹಸಿ ಇರುವಾಗಲೇ ಜೋಡಿಸಿದರೆ ಆ ಸೀಮೆಎಣ್ಣೆಯೂ ಇಂಜಿನ್ನಿಗೇ ಹೋಗುತ್ತದೆ, ಮೇಲೆ ಹೇಳಿದ ಅಪಾಯವೇ ಮತ್ತೆ.

ಹೋಸಿನ ರಬ್ಬರನ್ನೂ ಹಿಸುಕಿ ನೋಡಿ. ವರ್ಷಗಟ್ಟಲೆ ಆಯಿಲ್ ಕುಡಿದ ರಬ್ಬರ್ ಊದಿಕೊಂಡು ಮೆತ್ತಗಾಗಿ, ಬೂಸ್ಟ್ ಬಂದಾಗ ಕ್ಲಾಂಪಿನಿಂದ ಜಾರುತ್ತದೆ. ಜೆ.ಸಿ. ರೋಡಿನಲ್ಲಿ ಬಣ್ಣ ಬಣ್ಣದ ಸಿಲಿಕೋನ್ ಹೋಸ್ ಸಿಗುತ್ತವೆ, ನೋಡಲು ಚೆಂದ. ಆದರೆ ಬರೀ ಸಿಲಿಕೋನ್ ಆಯಿಲನ್ನು ಹೀರಿ ಹೊರಗೆ ಜಿನುಗಿಸುತ್ತದೆ. ಟರ್ಬೋ ಹೋಸಿಗೆ ಒಳಗಡೆ ಫ್ಲೋರೋಸಿಲಿಕೋನ್ ಪದರ ಇರುವುದೇ ಬೇಕು. ಕೇಳಿ ತೆಗೆದುಕೊಳ್ಳಿ. ಬ್ರೀದರ್ ಪೈಪಿನ ಮಧ್ಯೆ ಆಯಿಲ್ ಹಿಡಿಯುವ ಡಬ್ಬಿ, ಅಂದರೆ ಕ್ಯಾಚ್ ಕ್ಯಾನ್, ಹಾಕಿಸಿದರೆ ಹೇಗೆ ಅನ್ನುವವರಿದ್ದಾರೆ. ಬ್ರೀದರ್ ಆಯಿಲನ್ನು ಅದು ಹಿಡಿಯುತ್ತದೆ, ನಿಜ. ಸವೆದ ರಿಂಗನ್ನು ಅದು ಸರಿಮಾಡುವುದಿಲ್ಲ. ಆಗಾಗ ಖಾಲಿ ಮಾಡುವ ತಾಳ್ಮೆ ಇಲ್ಲದವರಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎಲ್ಲ ನೋಡಿಯೂ ಟರ್ಬೋ ಬದಲಿಸಲೇಬೇಕು ಅಂತಾದರೆ, ಕೆಲಸ ಒಪ್ಪಿಸುವಾಗಲೇ ಕೆಲವು ಮಾತು ಆಡಿಕೊಳ್ಳಿ. ಆಯಿಲ್ ಬರುವ ಸಣ್ಣ ಪೈಪ್, ಇಳಿಯುವ ದಪ್ಪ ಪೈಪ್ ಎರಡನ್ನೂ ಹೊಸದಾಗಿ ಹಾಕಬೇಕು ಅಥವಾ ಕಣ್ಣೆದುರು ತೊಳೆಯಬೇಕು. ಹಳೆಯ ಚಕ್ರದ ರೆಕ್ಕೆ ಮುರಿದಿದ್ದರೆ ಚೂರುಗಳು ಇಂಟರ್‌ಕೂಲರಿನಲ್ಲಿ ಕೂತಿರುತ್ತವೆ. ತೊಳೆದರೂ ಪೂರ್ತಿ ಬಾರದಿದ್ದರೆ ಇಂಟರ್‌ಕೂಲರನ್ನೇ ಬದಲಿಸುವುದು ವಾಸಿ. ಆಯಿಲ್, ಆಯಿಲ್ ಫಿಲ್ಟರ್ ಹೊಸದಾಗಬೇಕು. ಹೊಸ ಟರ್ಬೋದ ಆಯಿಲ್ ತೂತಿಗೆ ಜೋಡಿಸುವ ಮೊದಲೇ ಸ್ವಲ್ಪ ಆಯಿಲ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. ಮೊದಲ ಸಲ ಸ್ಟಾರ್ಟ್ ಆದಾಗ ರೈಸ್ ಮಾಡದೆ ಕೆಲವು ನಿಮಿಷ ಐಡಲ್‌ನಲ್ಲೇ ಬಿಡಬೇಕು. ತೆಗೆದ ಹಳೆಯ ಟರ್ಬೋವನ್ನು ಕೇಳಿ ಪಡೆದು, ಶಾಫ್ಟನ್ನು ನೀವೇ ಒಮ್ಮೆ ಎಳೆದು ತಳ್ಳಿ ನೋಡಿ.